ಅತ್ತೆಯ ಗುಳಿಗೆ, ಸೊಸೆಯ ತೂಕ

ಎಲ್ಲರಿಗೂ ನಮಸ್ಕಾರ ರೀ. ಕಲಬುರಗಿಯಲ್ಲಿ 22 ವರ್ಷದಿಂದ ಔಷಧಿ ಅಂಗಡಿ ಇಟ್ಟುಕೊಂಡವನು ನಾನು. ಈಚೆಗೆ ಅಂಗಡಿಗೆ ಬಂದವರು ಪದೇ ಪದೇ ಕೇಳೋದು ಒಂದೇ. "ಕಾಕಾ, ತೂಕ ಇಳಿಸೋ ಶುಗರ್ ಇಂಜೆಕ್ಷನ್ ಅದ ಏನ್ರಿ?" ಮದುವೆ ದಿನಗಳು ಹತ್ತಿರ ಬಂದರಂತೂ ಇನ್ನೂ ಜಾಸ್ತಿ. ಕೇಳುವವರಲ್ಲಿ ಎಷ್ಟೋ ಮಂದಿಗೆ ಶುಗರ್ ಇರೋದೇ ಇಲ್ಲ.

ಹೋದ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಒಬ್ಬ ಹೆಣ್ಣುಮಗಳು ಅಂಗಡಿ ಮುಂದೆ ಬಂದು ನಿಂತವಳು ಹಾಗೇ ಕುಸಿದು ಕೂತಳು. ಮೈಯೆಲ್ಲ ತಣ್ಣನೆ ಬೆವರು, ಕೈ ನಡುಕ, ಮಾತು ತೊದಲು. ಬಿಸಿಲು ಬಡಿದಿದೆ ಅಂತ ಸುತ್ತ ಇದ್ದವರು ಮುಖಕ್ಕೆ ನೀರು ಚಿಮುಕಿಸಿದರು. ನಾನು ಬೆರಳು ಚುಚ್ಚಿ ನೋಡಿದೆ, ಶುಗರ್ 48, ತೀರಾ ಕಮ್ಮಿ. ಪುಣ್ಯಕ್ಕೆ ಎಚ್ಚರ ಇತ್ತು, ಗುಟುಕು ನುಂಗುತ್ತಿದ್ದಳು, ಗ್ಲೂಕೋಸ್ ನೀರು ಕುಡಿಸಿ ಆಟೋದಲ್ಲಿ ಆಸ್ಪತ್ರೆಗೆ ಕಳಿಸಿದೆವು. ಹೋಗುವ ಮೊದಲು ಮೆಲ್ಲಗೆ ಅಂದಳು, "ತೂಕ ಇಳೀತದ ಅಂದ್ರು ಕಾಕಾ, ಅತ್ತಿ ಗುಳಿಗಿ ತೊಗೊಂಡೆ."

ಅತ್ತೆಯ ಗುಳಿಗೆ ಗ್ಲಿಮೆಪಿರೈಡ್. ಅದು ಇನ್ಸುಲಿನ್ ಹೆಚ್ಚಿಸಿ ಶುಗರ್ ಇಳಿಸುತ್ತದೆ, ತೂಕವನ್ನು ಇಳಿಸೋದಿರಲಿ, ಏರಿಸುವುದೇ ಜಾಸ್ತಿ. ಅದನ್ನು ನುಂಗಿ, ತೆಳ್ಳಗಾಗಬೇಕು ಅಂತ ಬೆಳಿಗ್ಗೆಯಿಂದ ಉಪವಾಸ ಇದ್ದಳು ಆ ತಂಗಿ. ಎಲ್ಲದಕ್ಕೂ ಶುಗರ್ ಗುಳಿಗೆ ಅಂತ ಒಂದೇ ಹೆಸರು ಇಟ್ಟಿದ್ದೇವೆ ನೋಡ್ರಿ, ಒಳಗಿನ ಮದ್ದು ಮಾತ್ರ ಬೇರೆ ಬೇರೆ. ಮೆಟ್‌ಫಾರ್ಮಿನ್ ಅನ್ನೋ ಇನ್ನೊಂದು ಶುಗರ್ ಗುಳಿಗೆಯಿಂದ ತೂಕ ಇಳಿದರೂ ಸ್ವಲ್ಪವೇ.

ಜನ ಕೇಳುವ ಇಂಜೆಕ್ಷನ್ ಅಂದರೆ ಸೆಮಾಗ್ಲುಟೈಡ್, ಟಿರ್ಜೆಪಟೈಡ್. ವಾರಕ್ಕೊಮ್ಮೆ ಚರ್ಮದ ಕೆಳಗೆ ಚುಚ್ಚಿಕೊಳ್ಳೋದು. ಊಟ ಆದಮೇಲೆ ನಮ್ಮ ಕರುಳಲ್ಲಿ ಒಂದು ಹಾರ್ಮೋನು ಹುಟ್ಟುತ್ತದೆ, ಹೊಟ್ಟೆ ತುಂಬಿತು ಅಂತ ಮೆದುಳಿಗೆ ಹೇಳುತ್ತದೆ. ಈ ಮದ್ದು ಅದರ ಹಾಗೇ ಕೆಲಸ ಮಾಡುತ್ತದೆ, ಹೊಟ್ಟೆ ನಿಧಾನಕ್ಕೆ ಖಾಲಿಯಾಗುತ್ತದೆ, ಮೂರು ರೊಟ್ಟಿ ತಿನ್ನುವವರಿಗೆ ಒಂದೂವರೆ ಸಾಕಾಗುತ್ತದೆ. ಇದು ಸುಳ್ಳು ಮದ್ದಲ್ಲ. 2021ರಲ್ಲಿ ಬಂದ ದೊಡ್ಡ ಅಧ್ಯಯನದಲ್ಲಿ, ಶುಗರ್ ಇಲ್ಲದ ಬೊಜ್ಜಿನವರು 68 ವಾರ ಸೆಮಾಗ್ಲುಟೈಡ್ ತಗೊಂಡಾಗ ಸರಾಸರಿ ಶೇಕಡಾ 15ರಷ್ಟು ತೂಕ ಇಳಿಯಿತು. 100 ಕಿಲೋ ಇದ್ದವರು 85ಕ್ಕೆ ಬಂದ ಲೆಕ್ಕ. ಆದರೆ ಬಿಟ್ಟ ಒಂದು ವರ್ಷದಲ್ಲಿ, ಇಳಿದಿದ್ದರಲ್ಲಿ ಮೂರರಲ್ಲಿ ಎರಡು ಪಾಲು ಮತ್ತೆ ಬಂದಿತ್ತು.

"ಮದುವಿ ಇನ್ನ ಎರಡು ತಿಂಗಳದ" ಅಂತ ಬರುವವರಿಗೆ ಅದಕ್ಕೇ ಬೇಡ ಅಂತೀನಿ. ಸೆಮಾಗ್ಲುಟೈಡ್ ಆದರೆ 0.25 ಮಿಲಿಗ್ರಾಂನಿಂದ ಶುರು ಮಾಡಿ ಮೆಲ್ಲಗೆ ಏರಿಸಬೇಕು, ಪೂರ್ತಿ ಡೋಸ್ ಮುಟ್ಟಲಿಕ್ಕೇ 16 ವಾರ ಬೇಕು. ಅವಸರ ಮಾಡಿ ಒಮ್ಮೆಲೇ ಜಾಸ್ತಿ ಚುಚ್ಚಿಕೊಂಡರೆ ವಾಂತಿ ನಿಲ್ಲೋದಿಲ್ಲ. ನಮ್ಮ ಕಲಬುರಗಿಯ ಬಿಸಿಲಲ್ಲಿ ವಾಂತಿ ಭೇದಿಯಾಗಿ ಮೈಯ ನೀರು ಒಣಗಿದರೆ ಕಿಡ್ನಿಗೇ ಪೆಟ್ಟು. ತಿನ್ನೋದು ಕಮ್ಮಿಯಾದಾಗ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ, ಆದ್ದರಿಂದ ತಾಟಿನಲ್ಲಿ ತೊಗರಿ ಬೇಳೆ, ಮೊಟ್ಟೆ, ಮೊಸರು ಬಿಡಬೇಡಿ, ನಡೆದಾಡೋದನ್ನೂ ಬಿಡಬೇಡಿ.

ಇನ್ನೊಂದು. ಈ ಇಂಜೆಕ್ಷನ್ ಪೆನ್ನಿನ ಆಕಾರದಲ್ಲಿ ಬರುತ್ತದೆ, ಆ ಪೆನ್ನು ಫ್ರಿಜ್‌ನಲ್ಲಿ 2ರಿಂದ 8 ಡಿಗ್ರಿಯಲ್ಲಿ ಇರಬೇಕಾದ್ದು. ಹೈದರಾಬಾದಿನಲ್ಲಿ ಯಾರೋ ಕೊಡಿಸಿದರು ಅಂತ ಒಬ್ಬರು ಏಪ್ರಿಲ್‌ನಲ್ಲಿ ಬಸ್ಸಿನ ಸೀಟಿನ ಕೆಳಗೆ ಚೀಲದಲ್ಲಿಟ್ಟು ತಂದರು. ಕೈಗೆ ತಗೊಂಡರೆ ಬಿಸಿ ಬಿಸಿ. ಅದನ್ನು ಚುಚ್ಚಿಕೊಳ್ಳಬೇಡಿ ಅಂದೆ, ದುಡ್ಡು ಹೋಯಿತಲ್ಲ ಅಂತ ಮುಖ ಸಣ್ಣ ಮಾಡಿಕೊಂಡರು.

ತೂಕ ಜಾಸ್ತಿ ಇರೋದು ತಪ್ಪಲ್ಲ, ಮದ್ದು ಬೇಕು ಅನ್ನೋದೂ ತಪ್ಪಲ್ಲ. ಡಾಕ್ಟರ್ ಹತ್ತಿರ ಹೋಗಿ ಬಾಯಿಬಿಟ್ಟು ಕೇಳಿ. ಹೋಗುವಾಗ ಈಗ ನುಂಗುತ್ತಿರುವ ಗುಳಿಗೆಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಮನೆತನದಲ್ಲಿ ಯಾರಿಗಾದರೂ ಥೈರಾಯ್ಡ್ ಕ್ಯಾನ್ಸರ್ ಆಗಿದ್ದರೆ, ನಿಮಗೆ ಮೇದೋಜೀರಕದ ಬಾವು ಬಂದಿದ್ದರೆ, ಬಸುರಿಯಾಗುವ ಯೋಚನೆ ಇದ್ದರೆ, ಅವರು ಕೇಳುವ ಮೊದಲೇ ಹೇಳಿ.

ಆ ತಂಗಿ ಹೋಗಿದ್ದಳು. ರಕ್ತ ಪರೀಕ್ಷೆಯಲ್ಲಿ ಥೈರಾಯ್ಡ್ ಕಮ್ಮಿ ಅಂತ ಬಂತು, ಅದರಿಂದಲೂ ತೂಕ ಏರಬಹುದು. ಈಗ ತಿಂಗಳಿಗೊಮ್ಮೆ ಎರಡು ಚೀಟಿ ಹಿಡಿದು ಬರುತ್ತಾಳೆ, ಒಂದು ಅತ್ತೆಯದು, ಒಂದು ತನ್ನದು. ಎರಡನ್ನೂ ಬೇರೆ ಬೇರೆ ಪೊಟ್ಟಣದಲ್ಲಿ ಕಟ್ಟಿ, ಮೇಲೆ ದೊಡ್ಡದಾಗಿ ಹೆಸರು ಬರೆದು ಕೊಡುತ್ತೇನೆ.