ಪುಣೆಯವರಲ್ಲ ತಾನೇ?

ಈಗ ಕಾಣುತ್ತಿದೆಯಲ್ಲ, ಈ ಪ್ರತಿಮೆ ಜ್ಯಾಕ್ ವಾಕರ್ ಅವರದ್ದು. ಜಾಗ ಇಂಗ್ಲೆಂಡಿನ ಬ್ಲ್ಯಾಕ್‌ಬರ್ನ್, ಈವುಡ್ ಪಾರ್ಕ್ ಸ್ಟೇಡಿಯಂ. ಉಕ್ಕಿನ ವ್ಯಾಪಾರದಲ್ಲಿ ದುಡ್ಡು ಮಾಡಿದ ಇದೇ ಊರಿನ ಮನುಷ್ಯ. ಊರ ಫುಟ್‌ಬಾಲ್ ತಂಡ ಬ್ಲ್ಯಾಕ್‌ಬರ್ನ್ ರೋವರ್ಸ್ ಅನ್ನು ಕೊಂಡು, ದುಡ್ಡು ಸುರಿದು, 1995ರಲ್ಲಿ ಇಂಗ್ಲೆಂಡಿನ ಮೊದಲ ದರ್ಜೆಯ ಲೀಗ್ ಆದ ಪ್ರೀಮಿಯರ್ ಲೀಗ್ ಗೆಲ್ಲಿಸಿಬಿಟ್ಟರು. ಅದೂ ಮ್ಯಾಂಚೆಸ್ಟರ್ ಯುನೈಟೆಡ್ ತಂಡವನ್ನು ಹಿಂದೆ ಹಾಕಿ!

ನಾನು ಕ್ಯಾಮೆರಾ ಹಿಡಿದು ನಿಂತಿದ್ದಾಗ ನೀಲಿ-ಬಿಳಿ ಮಫ್ಲರ್ ಸುತ್ತಿದ್ದ ಅಜ್ಜ ಒಬ್ಬರು ಹತ್ತಿರ ಬಂದರು. "ಇಂಡಿಯಾದವರಾ?" ಹೌದು, ಬೆಂಗಳೂರು ಅಂದೆ. "ಪುಣೆಯವರಲ್ಲ ತಾನೇ?"

ನಗುತ್ತಲೇ ಕೇಳಿದರು. ಆದರೆ ಪೂರ್ತಿ ತಮಾಷೆಯೇನೂ ಅಲ್ಲ.

ಯಾಕಂದರೆ 2010ರ ನವೆಂಬರ್‌ನಲ್ಲಿ ಈ ಕ್ಲಬ್ಬನ್ನು ಕೊಂಡಿದ್ದು ಪುಣೆಯ ವೆಂಕೀಸ್. ಹೌದು, ಅದೇ ಕೋಳಿ ಕಂಪನಿ. ಬೆಲೆ 2.3 ಕೋಟಿ ಪೌಂಡ್, ಜೊತೆಗೆ ಸಾಲ. ಮುಂದಿನ ತಿಂಗಳೇ ಮ್ಯಾನೇಜರ್ ಸ್ಯಾಮ್ ಅಲರ್ಡೈಸ್ ಅವರನ್ನು ಮನೆಗೆ ಕಳಿಸಿದರು. 2012ರ ಮೇನಲ್ಲಿ ವಿಗನ್ ಎದುರು ಸೋತು ತಂಡ ಪ್ರೀಮಿಯರ್ ಲೀಗಿನಿಂದಲೇ ಹೊರಬಿತ್ತು. ಆ ರಾತ್ರಿ ಯಾರೋ ಒಂದು ಜೀವಂತ ಕೋಳಿಗೆ ಕ್ಲಬ್ಬಿನ ಬಣ್ಣದ ಬಟ್ಟೆ ಹೊದಿಸಿ ಮೈದಾನಕ್ಕೆ ಬಿಟ್ಟಿದ್ದರು. 2017ರಲ್ಲಿ ಇನ್ನೂ ಒಂದು ಮೆಟ್ಟಿಲು ಕೆಳಗೆ, ಮೂರನೇ ದರ್ಜೆಗೆ. ಮರುವರ್ಷವೇ ಎದ್ದು ಬಂದರು ಅನ್ನಿ.

ಅಜ್ಜನ ಜೊತೆ ಮೊಮ್ಮಗಳೂ ಇದ್ದಳು. ನಾನು ಸುಮ್ನೆ ಇರಬಾರದಾ? "ನಾಳೆ ಹೊಸಬರು ಯಾರಾದರೂ ಕೊಳ್ಳೋಕೆ ಬಂದರೆ?" ಅಂತ ಕೇಳಿಬಿಟ್ಟೆ. ಅಷ್ಟೇ, ಜಗಳ ಶುರು.

"ಯಾರಾದರೂ ಸರಿ" ಅಂದಳು ಅವಳು. ಭಾರತದಿಂದ ಕ್ಲಬ್ಬಿಗೆ ದುಡ್ಡು ಕಳಿಸಲು ದೆಹಲಿ ಹೈಕೋರ್ಟಿನ ಅನುಮತಿ ಕೇಳಬೇಕಾದ ಸ್ಥಿತಿ ವೆಂಕೀಸ್‌ಗೆ ಬಂದಿತ್ತು, ಅದು ಅವಳಿಗೆ ದಿನಾಂಕ ಸಮೇತ ಬಾಯಿಪಾಠ.

ಅಜ್ಜ ಒಂದೇ ಪದ ಹೇಳಿದರು: "ಬರಿ."

ಬರಿ ಅನ್ನೋದು ಪಕ್ಕದ ಊರು. ಅಲ್ಲಿನ ಕ್ಲಬ್ ಶುರುವಾಗಿದ್ದು 1885ರಲ್ಲಿ. ಇಂಗ್ಲೆಂಡಿನ ಹಳೆಯ ನಾಕೌಟ್ ಟೂರ್ನಿ ಎಫ್‌ಎ ಕಪ್‌ನ 1903ರ ಫೈನಲ್‌ನಲ್ಲಿ 6-0 ಅಂತರದಲ್ಲಿ ಗೆದ್ದವರು ಅವರು. 2018ರ ಡಿಸೆಂಬರ್‌ನಲ್ಲಿ ಆ ಕ್ಲಬ್ ಒಂದು ಪೌಂಡಿಗೆ ಮಾರಾಟವಾಯಿತು. ಒಂದೇ ಒಂದು ಪೌಂಡ್! ದುಡ್ಡು ಎಲ್ಲಿದೆ ತೋರಿಸಿ ಅಂತ ಲೀಗ್ ಕೇಳುತ್ತಲೇ ಇತ್ತು, ಅಷ್ಟರಲ್ಲಿ ಕ್ಲಬ್ ಕೈ ಬದಲಾಗಿತ್ತು. ಆ ಸೀಸನ್ನಿನಲ್ಲಿ ತಂಡ ಆಡಿ ಬಡ್ತಿಯನ್ನೂ ಪಡೆಯಿತು. ಆದರೆ ದುಡ್ಡು ತೋರಿಸಲಾಗದೆ ಆಗಸ್ಟ್ 2019ಕ್ಕೆ ಲೀಗಿನಿಂದಲೇ ಹೊರಗೆ.

"ಪುಣೆಯವರು ಪಂದ್ಯಕ್ಕೆ ಬರಲ್ಲ, ಮಾತಾಡಲ್ಲ. ಆದರೆ ಸಂಬಳ ನಿಂತಿಲ್ಲ" ಅಂದರು ಅಜ್ಜ. "ಅಷ್ಟೇ ಸಾಕಾ ನಿನಗೆ?" ಅಂದಳು ಮೊಮ್ಮಗಳು.

ಇಲ್ಲಿ ಮಾಲೀಕರಿಗೆ ಒಂದು ಪರೀಕ್ಷೆ ಇದೆ. ಮೋಸದ ಕೇಸಿನಲ್ಲಿ ಶಿಕ್ಷೆ ಆಗಿದೆಯಾ, ದಿವಾಳಿ ಆಗಿದ್ದೀರಾ, ಹೀಗೆ. ನನಗೇನೋ ಇದು ವರನ ಮೇಲೆ ಪೊಲೀಸ್ ಕೇಸ್ ಇಲ್ಲ ಅಂತ ಹೆಣ್ಣು ಕೊಟ್ಟ ಹಾಗೆ ಅನಿಸಿತು. ಹುಡುಗ ಹೇಗೆ, ಮನೆಯಲ್ಲಿ ಇರ್ತಾನಾ ಅಂತ ಯಾರು ವಿಚಾರಿಸಬೇಕು? 2025ರಲ್ಲಿ ಬ್ರಿಟನ್ ಸಂಸತ್ತು ಇದಕ್ಕೇ ಹೊಸ ಕಾನೂನು ಮಾಡಿದೆ. ದುಡ್ಡು ಎಲ್ಲಿಂದ ಬಂತು, ಕ್ಲಬ್ಬನ್ನು ಹೇಗೆ ನಡೆಸುತ್ತೀರಿ ಅಂತ ಕೇಳೋಕೆ ಬೇರೆಯೇ ಒಂದು ಸಂಸ್ಥೆ. ಅಜ್ಜನಿಗೆ ಹೇಳಿದೆ. "ವಾಕರ್‌ಗೆ ಇದ್ಯಾವುದೂ ಬೇಕಿರಲಿಲ್ಲ" ಅಂದರು. ವಾಕರ್ ಥರದವರು ಊರಿಗೆ ಎಷ್ಟು ಜನ ಹುಟ್ಟುತ್ತಾರೆ, ಅಲ್ವಾ?

ಪಂದ್ಯದ ಹೊತ್ತಾಯಿತು. ಈ ಮಾಲೀಕರು ಇರುವವರೆಗೂ ಟಿಕೆಟ್ ಕೊಳ್ಳಲ್ಲ ಅಂತ ಮೊಮ್ಮಗಳ ಹಟ. ಅಜ್ಜನನ್ನು ಗೇಟಿನವರೆಗೆ ಬಿಟ್ಟು, ವಾಪಸ್ ಕಾರಿಗೆ ಹೋಗಿ ರೇಡಿಯೊದಲ್ಲಿ ಕಮೆಂಟರಿ ಹಾಕಿಕೊಂಡಳು. ನಾನು ಅಜ್ಜನ ಜೊತೆ ಒಳಗೆ ಹೋದೆ. ಹಾಫ್‌ಟೈಮ್‌ನಲ್ಲಿ ಅವರು ಒಂದು ಕೈಯಲ್ಲಿ ಬಿಸಿ ಪೈ, ಇನ್ನೊಂದು ಕೈಯಲ್ಲಿ ಫೋನ್ ಹಿಡಿದು ಅವಳನ್ನೇ ಕೇಳುತ್ತಿದ್ದರು: "ಅದು ಆಫ್‌ಸೈಡಾ?"