ಮುಂದಿನ ಸಲ ಎಲ್ಲಿಂದ?

ಕೇಳುಗರೇ, ನಮಸ್ಕಾರ.

ಇವತ್ತು ಸೋತವರ ಬಗ್ಗೆ ಮಾತಾಡೋಣ. ಗೆದ್ದವರ ಬಗ್ಗೆ ಮಾತಾಡೋಕೆ ಬೇಕಾದಷ್ಟು ಜನ ಇದ್ದಾರೆ. ಸೋತವರ ವಿಷಯ ಹಾಗಲ್ಲ. ಫಲಿತಾಂಶದ ದಿನ ಸಂಜೆವರೆಗೆ ಟಿವಿಯಲ್ಲಿ ಚರ್ಚೆ, ಮೊಬೈಲಿನಲ್ಲಿ ಟ್ರೋಲು, ಆಮೇಲೆ ಒಂದು ಆತ್ಮಾವಲೋಕನ ಸಭೆ. ಆ ಸಭೆಯಲ್ಲಿ ಏನು ಅವಲೋಕನ ಆಯ್ತು ಅಂತ ಹೊರಗೆ ಗೊತ್ತಾಗೋದೇ ಇಲ್ಲ.

ನಾನು ಹೇಳಹೊರಟಿರುವುದು ಜಾತ್ಯತೀತ ಜನತಾದಳದ ಕಥೆ. ಇದು ಆ ಪಕ್ಷವನ್ನು ಹೊಗಳುವುದಕ್ಕೂ ಅಲ್ಲ, ತೆಗಳುವುದಕ್ಕೂ ಅಲ್ಲ. ಕರ್ನಾಟಕದಲ್ಲಿ ಇಷ್ಟು ಸಲ ಸೋತು, ಇಷ್ಟು ಸಲ ಎದ್ದ ಪಕ್ಷ ಇನ್ನೊಂದಿಲ್ಲ. ಹಾಗಾಗಿ ಸೋಲಿನ ವಿಷಯ ಮಾತಾಡಬೇಕು ಅಂದ್ರೆ ಇದಕ್ಕಿಂತ ಒಳ್ಳೆ ಉದಾಹರಣೆ ಸಿಗಲ್ಲ.

ಚನ್ನಪಟ್ಟಣದಿಂದ ಶುರು ಮಾಡೋಣ. 2024ರ ನವೆಂಬರ್ ಉಪಚುನಾವಣೆ. ದಳದ ಅಭ್ಯರ್ಥಿ ನಿಖಿಲ್ ಕುಮಾರಸ್ವಾಮಿ ಅವರಿಗೆ ಬಿದ್ದ ಮತ 87,229. ಕಾಂಗ್ರೆಸ್ಸಿನ ಸಿ.ಪಿ. ಯೋಗೇಶ್ವರ್ ಅವರಿಗೆ 1,12,642. ಅಂತರ 25,413. ಇದಕ್ಕೂ ಮುಂಚೆ 2019ರಲ್ಲಿ ಮಂಡ್ಯ ಲೋಕಸಭೆಗೆ ನಿಂತು ಸುಮಲತಾ ಅವರ ಎದುರು ಸೋತಿದ್ದರು. 2023ರಲ್ಲಿ ರಾಮನಗರದಲ್ಲಿ ಇಕ್ಬಾಲ್ ಹುಸೇನ್ ಅವರ ಎದುರು ಸೋತಿದ್ದರು. ಮೂರಕ್ಕೆ ಮೂರೂ ಸೋಲು. ಜನ ಬಿಡ್ತಾರಾ? "ನಿಖಿಲ್ ಎಲ್ಲಿದ್ದೀಯಪ್ಪಾ" ಅನ್ನೋ ಹಳೇ ಟ್ರೋಲು ಮತ್ತೆ ಎದ್ದು ಬಂತು.

ಹುಡುಗನಿಗೆ ಅದೃಷ್ಟ ಇಲ್ಲ ಅಂದರು ಕೆಲವರು. ಇನ್ನು ಕೆಲವರು ಕುಟುಂಬ ರಾಜಕಾರಣ ಅಂದರು. ಎರಡೂ ಸುಲಭದ ಉತ್ತರ. ಅಂಕಿ ಸ್ವಲ್ಪ ಹತ್ತಿರದಿಂದ ನೋಡಿ. 2023ರಲ್ಲಿ ಅದೇ ಚನ್ನಪಟ್ಟಣದಲ್ಲಿ ಅವರ ತಂದೆ ಎಚ್.ಡಿ. ಕುಮಾರಸ್ವಾಮಿ ಅವರಿಗೆ 96,592 ಮತ ಬಂದಿತ್ತು, ಆಗ ಬಿಜೆಪಿಯಲ್ಲಿದ್ದ ಯೋಗೇಶ್ವರ್ ಅವರಿಗೆ 80,677. ಅಂದರೆ ಮಗನಿಗೆ ತಂದೆಗಿಂತ ಕಡಿಮೆ ಬಿದ್ದದ್ದು ಒಂಬತ್ತು ಸಾವಿರ ಚಿಲ್ಲರೆ. ಅದೇನು ದೊಡ್ಡ ಕುಸಿತ ಅಲ್ಲ. ಯೋಚನೆ ಮಾಡಬೇಕಾದದ್ದು ಬೇರೆ. 2024ರ ಹೊತ್ತಿಗೆ ದಳ ಮತ್ತು ಬಿಜೆಪಿ ಒಂದೇ ಕಡೆ ಇದ್ದವು. ಎರಡೂ ಪಕ್ಷದ ಮತ ಕೂಡಿದ್ರೆ ಒಂದೂಮುಕ್ಕಾಲು ಲಕ್ಷ ಆಗಬೇಕಿತ್ತು. ಕೂಡಲೇ ಇಲ್ಲ. ಯೋಗೇಶ್ವರ್ ನಾಮಪತ್ರದ ಹೊತ್ತಿಗೆ ಬಿಜೆಪಿ ಬಿಟ್ಟು ಕಾಂಗ್ರೆಸ್ಸಿಗೆ ಹೋದರು, ಅವರ ಹಿಂದೆ ಮತವೂ ಹೋಯಿತು. ಮೈತ್ರಿ ಅನ್ನೋದು ದೆಹಲಿಯಲ್ಲಿ ಕೈ ಕುಲುಕಿದ ಫೋಟೊದಲ್ಲಿತ್ತು, ಬೂತ್‌ನಲ್ಲಿ ಇರಲಿಲ್ಲ.

ಇನ್ನೊಂದು ವಿಷಯ ಇದೆ, ಇದು ನನಗೆ ತುಂಬ ಸ್ವಾರಸ್ಯ ಅನ್ನಿಸಿದ್ದು. ಆ ಚುನಾವಣೆಯಲ್ಲಿ ಒಂದು ಜಗಳ ನಡೆಯಿತು, ನೀರಿನ ಜಗಳ. ಶಿಂಷಾ ನದಿಗೆ ಇಗ್ಗಲೂರಿನಲ್ಲಿ ಬ್ಯಾರೇಜ್ ಇದೆ, ಅದಕ್ಕೆ ಎಚ್.ಡಿ. ದೇವೇಗೌಡರ ಹೆಸರೇ ಇದೆ. ಬ್ಯಾರೇಜ್ ಕಟ್ಟಿಸಿದ್ದು ನಮ್ಮ ಗೌಡರು ಅಂತ ದಳದವರು. ಆ ನೀರನ್ನು ಪೈಪ್‌ನಲ್ಲಿ ತಂದು ಕೆರೆ ತುಂಬಿಸಿದ್ದು ನಾನು ಅಂತ ಯೋಗೇಶ್ವರ್. ಎರಡೂ ಮಾತಿಗೆ ಆಧಾರ ಇದೆ. ಆದರೆ ಬ್ಯಾರೇಜ್ ಅಪ್ಪಂದಿರ ಕಾಲದ್ದು, ಕೆರೆ ತುಂಬಿದ್ದು ಈಗ ಓಟು ಹಾಕುವವರು ಕಣ್ಣಾರೆ ನೋಡಿದ್ದು. ಯೋಗೇಶ್ವರ್ ಕಂಡ ಪಕ್ಷಗಳಿಗೆ ಲೆಕ್ಕ ಇಲ್ಲ. ಪಕ್ಷೇತರ, ಕಾಂಗ್ರೆಸ್, ಬಿಜೆಪಿ, ಸಮಾಜವಾದಿ ಪಕ್ಷ, ಮತ್ತೆ ಬಿಜೆಪಿ, ಮತ್ತೆ ಕಾಂಗ್ರೆಸ್. 2018ರಲ್ಲೂ 2023ರಲ್ಲೂ ಅಲ್ಲೇ ಕುಮಾರಸ್ವಾಮಿ ಅವರ ಎದುರು ಸೋತವರು. ಪಕ್ಷ ನಿಷ್ಠೆ ವಿಷಯದಲ್ಲಿ ಅವರಿಗೆ ಯಾರೂ ನಂಬರ್ ಕೊಡಲ್ಲ. ಆದ್ರೆ ಒಂದು ನಿಜ, ಅವರು ಪಕ್ಷ ಎಲ್ಲ ಬಿಟ್ಟರು, ಚನ್ನಪಟ್ಟಣ ಬಿಡಲಿಲ್ಲ.

ನಿಖಿಲ್ ಅವರದ್ದು ಇದಕ್ಕೆ ಪೂರ್ತಿ ಉಲ್ಟಾ. ಪಕ್ಷ ಒಂದೇ, ಕ್ಷೇತ್ರ ಮೂರು. ಮಂಡ್ಯದಲ್ಲಿ ಸೋತ ಅಭ್ಯರ್ಥಿಗೆ ಮಂಡ್ಯದಲ್ಲೇ ಇರಪ್ಪಾ ಅಂತ ಯಾರೂ ಹೇಳಲಿಲ್ಲ. ಮುಂದಿನ ಸಲ ಎಲ್ಲಿಂದ ನಿಲ್ತೀಯ ಅಂತ ಕೇಳಿದರು. ಇದು ಅವರೊಬ್ಬರ ತಪ್ಪು ಅಂತ ನಾನು ಹೇಳಲ್ಲ. ಈ ಪಕ್ಷದಲ್ಲಿ ಯಾರೇ ದೊಡ್ಡವರು ಸೋತರೂ ಕೇಳುವ ಪ್ರಶ್ನೆ ಅದೊಂದೇ.

ಸ್ವಲ್ಪ ಹಿಂದೆ ಹೋಗೋಣ. ಈ ದಳ ಹುಟ್ಟಿದ್ದು ಜನತಾದಳದಿಂದ, ಜನತಾದಳ ಹುಟ್ಟಿದ್ದು ಜನತಾ ಪಕ್ಷದಿಂದ, ಅಲ್ಲಿಗೆ.

1983ರ ಜನವರಿ. ಕರ್ನಾಟಕದಲ್ಲಿ ಮೊದಲ ಕಾಂಗ್ರೆಸ್ಸೇತರ ಸರಕಾರ, ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ. ಜನತಾ ಪಕ್ಷಕ್ಕೆ 95 ಸ್ಥಾನ, ಬಹುಮತ ಇಲ್ಲ, ಬಿಜೆಪಿಯ 18 ಶಾಸಕರು ಮತ್ತಿತರರು ಹೊರಗಿನಿಂದ ಬೆಂಬಲ. 1984ರ ಡಿಸೆಂಬರಿನಲ್ಲಿ ಲೋಕಸಭೆ ಚುನಾವಣೆ ಬಂತು. ಇಂದಿರಾ ಗಾಂಧಿ ಹತ್ಯೆಯಾಗಿ ಎರಡು ತಿಂಗಳೂ ಆಗಿರಲಿಲ್ಲ. ರಾಜ್ಯದ 28 ಸ್ಥಾನಗಳಲ್ಲಿ ಜನತಾ ಪಕ್ಷಕ್ಕೆ ಸಿಕ್ಕಿದ್ದು ಬರೀ 4, ಉಳಿದ 24 ಕಾಂಗ್ರೆಸ್ಸಿಗೆ. ಅನುಕಂಪದ ಅಲೆ ಅಂತ ಹೇಳಿ ಸುಮ್ನೆ ಕೂರಬಹುದಿತ್ತು, ಅದು ಸುಳ್ಳೂ ಆಗ್ತಿರಲಿಲ್ಲ. ಹೆಗಡೆ ರಾಜೀನಾಮೆ ಕೊಟ್ಟರು. ವಿಧಾನಸಭೆ ವಿಸರ್ಜನೆ ಮಾಡಿಸಿ ನೇರ ಜನರ ಮುಂದೆ ಹೋದರು, ನಾವು ಎರಡು ವರ್ಷ ಮಾಡಿದ್ದು ನೋಡಿ, ಬೇಕಾ ಬೇಡವಾ ಹೇಳಿ ಅಂತ. 1985ರ ಮಾರ್ಚಿನಲ್ಲಿ ಅದೇ ಮತದಾರರು 139 ಸ್ಥಾನ ಕೊಟ್ಟರು. ಡಿಸೆಂಬರಿಗೂ ಮಾರ್ಚಿಗೂ ನಡುವೆ ಎಷ್ಟು ದಿನ ಹೇಳಿ!

ದೆಹಲಿಗೊಂದು ಓಟು, ಬೆಂಗಳೂರಿಗೊಂದು ಓಟು ಅಂತ ಕನ್ನಡದ ಮತದಾರ ಬೇರೆ ಬೇರೆ ಯೋಚನೆ ಮಾಡ್ತಾನೆ ಅಂತ ಆವತ್ತು ಗೊತ್ತಾಯಿತು. ಆದರೆ ನನ್ನ ಪ್ರಕಾರ ಅದಕ್ಕಿಂತ ದೊಡ್ಡದು, ಆ ಒಂದು ಸಲ ಸೋಲನ್ನು ಪಕ್ಷದ ಪ್ರಶ್ನೆ ಅಂತ ತಗೊಂಡಿದ್ದು. ಆ ಸರಕಾರದ ಕೈಯಲ್ಲಿ ತೋರಿಸೋಕೆ ಕೆಲಸವೂ ಇತ್ತು. ಸಚಿವ ಅಬ್ದುಲ್ ನಜೀರ್ ಸಾಬ್ ಊರೂರಿಗೆ ಬೋರ್‌ವೆಲ್ ಕೊರೆಸುತ್ತಿದ್ದರು, ಜನ ಅವರನ್ನು ನೀರ್ ಸಾಬ್ ಅಂತಲೇ ಕರೆಯುತ್ತಿದ್ದರು. ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿ ಕಾನೂನು ಆಗಲೇ ಬಂದದ್ದು, ಅದರಲ್ಲಿ ಹೆಂಗಸರಿಗೆ ನೂರಕ್ಕೆ 25 ಮೀಸಲು.

ಆಮೇಲೆ? ಜಗಳ, ಒಡಕು, ಫೋನ್ ಕದ್ದಾಲಿಕೆ ಆರೋಪ, 1988ರಲ್ಲಿ ಹೆಗಡೆ ರಾಜೀನಾಮೆ, 1989ರಲ್ಲಿ ಅವರ ನಂತರ ಬಂದ ಎಸ್.ಆರ್. ಬೊಮ್ಮಾಯಿ ಸರಕಾರದ ವಜಾ. ಆ ವರ್ಷದ ವಿಧಾನಸಭೆಯಲ್ಲಿ ಕಾಂಗ್ರೆಸ್ಸಿಗೆ 178, ಜನತಾದಳಕ್ಕೆ 24. ಬೇರೆ ಬಣದಿಂದ ನಿಂತಿದ್ದ ದೇವೇಗೌಡರು ತಮ್ಮ ಹೊಳೆನರಸೀಪುರದಲ್ಲೇ ಸೋತರು, ಕಾಂಗ್ರೆಸ್ಸಿನ ಜಿ. ಪುಟ್ಟಸ್ವಾಮಿಗೌಡರ ಎದುರು. ಎರಡು ವರ್ಷ ಕಳೆದು ಹೆಗಡೆ ಬಾಗಲಕೋಟೆಯಿಂದ ಲೋಕಸಭೆಗೆ ನಿಂತು ಸೋತರು. ಸೋಲಿಸಿದ್ದು ಯಾರು ಗೊತ್ತಾ? ಸಿದ್ದು ನ್ಯಾಮಗೌಡ. ಜಮಖಂಡಿ ಹತ್ತಿರ ಚಿಕ್ಕಪಡಸಲಗಿಯಲ್ಲಿ ಕೃಷ್ಣಾ ನದಿಗೆ ರೈತರೇ ದುಡ್ಡು ಹಾಕಿ, ಮೈಮುರಿದು ಬ್ಯಾರೇಜ್ ಕಟ್ಟಿದರಲ್ಲ, ಅದರ ಮುಂದಾಳು. ಬ್ಯಾರೇಜ್ ಸಿದ್ದು ಅಂತಲೇ ಹೆಸರು. ಹಳ್ಳಿಯವರ ಕೈಗೇ ಅಧಿಕಾರ ಕೊಡಬೇಕು ಅಂತ ಕಾನೂನು ಮಾಡಿದ ನಾಯಕರು, ಸರಕಾರಕ್ಕೆ ಕಾಯದೆ ತಾವೇ ಅಣೆ ಕಟ್ಟಿಕೊಂಡ ಹಳ್ಳಿಯವರ ಎದುರು ಸೋತರು. ಅಂಥವರೊಬ್ಬರು ಹೆಗಡೆಯವರ ಪಕ್ಷದ ಕಡೆ ಯಾಕೆ ಇರಲಿಲ್ಲ, ಎದುರು ಯಾಕೆ ಇದ್ದರು? ಆ ಪ್ರಶ್ನೆ ಕೇಳಿದ್ದರೆ ಪಕ್ಷಕ್ಕೆ ದಾರಿ ಕಾಣ್ತಿತ್ತೇನೋ.

ದೇವೇಗೌಡರ ವಿಷಯದಲ್ಲಿ ಒಂದು ಮಾತು ಒಪ್ಪಲೇಬೇಕು. ಸೋತು ಎದ್ದೇಳುವುದರಲ್ಲಿ ಅವರಿಗೆ ಸಾಟಿ ಇಲ್ಲ. 1989ರಲ್ಲಿ ಸೋತವರು 1991ರಲ್ಲಿ ಹಾಸನದಿಂದ ಸಂಸದ. 1994ರಲ್ಲಿ ಜನತಾದಳಕ್ಕೆ 115 ಸ್ಥಾನ, ರಾಮನಗರದಿಂದ ಗೆದ್ದು ಮುಖ್ಯಮಂತ್ರಿ. 1996ರಲ್ಲಿ ಪ್ರಧಾನಿ. 1999ರಲ್ಲಿ ಹಾಸನದಲ್ಲಿ ಮತ್ತೆ ಅದೇ ಪುಟ್ಟಸ್ವಾಮಿಗೌಡರ ಎದುರು ಸೋಲು, ಆ ವರ್ಷ ಹೊಸದಾಗಿ ಹುಟ್ಟಿದ ಜಾತ್ಯತೀತ ದಳಕ್ಕೆ ವಿಧಾನಸಭೆಯಲ್ಲಿ ಬರೀ 10. ಮುಗೀತು ಅಂದರು ಎಲ್ಲರೂ. 2002ರಲ್ಲಿ ಕನಕಪುರ ಉಪಚುನಾವಣೆಯಲ್ಲಿ ಡಿ.ಕೆ. ಶಿವಕುಮಾರ್ ಅವರನ್ನು ಸೋಲಿಸಿ ಬಂದರು, 2004ರಲ್ಲಿ ಪಕ್ಷಕ್ಕೆ 58 ಸ್ಥಾನ ಬಂತು, ಅವರಿಲ್ಲದೆ ಸರಕಾರ ಇಲ್ಲ ಅನ್ನುವ ಹಾಗಾಯಿತು.

ಆದರೆ ಈ ಸಾಹಸದಿಂದಲೇ ಪಕ್ಷಕ್ಕೆ ಒಂದು ಕೆಟ್ಟ ಅಭ್ಯಾಸ ಅಂಟಿಕೊಂಡಿತು ಅಂತ ನನಗನ್ನಿಸುತ್ತದೆ. ಗೌಡರು ಸೋತರೆ ಇನ್ನೊಂದು ಕ್ಷೇತ್ರ. ಪಕ್ಷ ಸೋತರೆ ಇನ್ನೊಂದು ಮೈತ್ರಿ. 2004ರಲ್ಲಿ ಕಾಂಗ್ರೆಸ್ ಜೊತೆ, 2006ರಲ್ಲಿ ಬಿಜೆಪಿ ಜೊತೆ, 2018ರಲ್ಲಿ ಮತ್ತೆ ಕಾಂಗ್ರೆಸ್, 2023ರಲ್ಲಿ ಮತ್ತೆ ಬಿಜೆಪಿ. ಸ್ಥಾನ ಮಾತ್ರ 58ರಿಂದ 28, 40, 37, ಕೊನೆಗೆ 19. ಎರಡನೇ ಸಾಲಿನವರು ಒಬ್ಬೊಬ್ಬರಾಗಿ ಎದ್ದು ಹೋದರು. ಸಿದ್ದರಾಮಯ್ಯ ಹೋದದ್ದು ಎಲ್ಲರಿಗೂ ಗೊತ್ತು. ಅವರು ಕಾಂಗ್ರೆಸ್ಸಿಗೆ ಹೋಗಿ 2006ರಲ್ಲಿ ಚಾಮುಂಡೇಶ್ವರಿ ಉಪಚುನಾವಣೆ ಗೆದ್ದದ್ದು 257 ಮತದಿಂದ. ಆ 257 ಮತ ಆಚೆಗೆ ಬಿದ್ದಿದ್ದರೆ ಕರ್ನಾಟಕದ ರಾಜಕೀಯ ಏನಾಗ್ತಿತ್ತೋ, ಹಾಗೆ ಯೋಚನೆ ಮಾಡ್ತಾ ಕೂತರೆ ಈ ಭಾಷಣ ಮುಗಿಯಲ್ಲ. ಚೆಲುವರಾಯಸ್ವಾಮಿ ಹೋದರು, 2018ರಲ್ಲಿ ನಾಗಮಂಗಲದಲ್ಲಿ ಸೋತರು, ಅಲ್ಲೇ ಇದ್ದರು, 2023ರಲ್ಲಿ ಅಲ್ಲೇ ಗೆದ್ದರು.

ಹಾಸನವನ್ನೇ ನೋಡಿ. 2023ರಲ್ಲಿ ಹೊಳೆನರಸೀಪುರದಲ್ಲಿ ಎಚ್.ಡಿ. ರೇವಣ್ಣ ಅವರ ಎದುರು ಶ್ರೇಯಸ್ ಪಟೇಲ್ ಸೋತರು, ಮೂರು ಸಾವಿರದಷ್ಟು ಮತದಿಂದ. ಅವರು ಪುಟ್ಟಸ್ವಾಮಿಗೌಡರ ಮೊಮ್ಮಗ. ಮರುವರ್ಷ ಲೋಕಸಭೆಯಲ್ಲಿ ಅದೇ ಹಾಸನದಿಂದ ದೇವೇಗೌಡರ ಇನ್ನೊಬ್ಬ ಮೊಮ್ಮಗ, ರೇವಣ್ಣ ಅವರ ಮಗ ಪ್ರಜ್ವಲ್ ಅವರನ್ನು ಸೋಲಿಸಿದರು. ಆ ಚುನಾವಣೆ ಹೊತ್ತಿಗೆ ಪ್ರಜ್ವಲ್ ಮೇಲೆ ಹೊರಬಂದ ಲೈಂಗಿಕ ದೌರ್ಜನ್ಯದ ಗಂಭೀರ ಪ್ರಕರಣ ಇತ್ತು, ಅದನ್ನು ಬಿಟ್ಟು ಆ ಫಲಿತಾಂಶದ ಮಾತಾಡೋಕಾಗಲ್ಲ. ಆದರೂ ಒಂದು ನೆನಪಿಡಿ, ಶ್ರೇಯಸ್ ಕೂಡ ರಾಜಕೀಯ ಮನೆತನದವರೇ. ಹಾಗಾಗಿ ಬರೀ ಕುಟುಂಬ ಕುಟುಂಬ ಅಂದ್ರೆ ಏನೂ ತಿಳಿಯಲ್ಲ. ಸೋತ ಮರುದಿನ ಆ ಕುಟುಂಬದವರು ಎಲ್ಲಿದ್ದರು ಅನ್ನೋದು ಮುಖ್ಯ.

ಈಗ ಒಂದು ಸಣ್ಣ ವಿಷಯ, ಹೆಚ್ಚು ಜನ ಗಮನಿಸದ್ದು. ಫಲಿತಾಂಶ ಬಂದು 30 ದಿನದೊಳಗೆ ಸೋತ ಅಭ್ಯರ್ಥಿಯೂ ಚುನಾವಣಾ ಖರ್ಚಿನ ಲೆಕ್ಕ ಕೊಡಬೇಕು. ಬ್ಯಾನರಿಗೆಷ್ಟು, ಕಾರಿಗೆಷ್ಟು, ಊಟಕ್ಕೆಷ್ಟು, ಎಲ್ಲ. ಕೊಡದಿದ್ದರೆ ಆಯೋಗ ಮೂರು ವರ್ಷ ಅನರ್ಹ ಮಾಡಬಹುದು. ದುಡ್ಡಿನ ಲೆಕ್ಕ ಕೇಳೋಕೆ ಕಾನೂನಿದೆ. ಮತದ ಲೆಕ್ಕ ಕೇಳೋಕೆ? ಫಾರ್ಮ್ 20 ಅಂತ ಒಂದು ಹಾಳೆ ಇರುತ್ತದೆ, ಯಾವ ಬೂತಿನಲ್ಲಿ ಯಾರಿಗೆ ಎಷ್ಟು ಬಿತ್ತು ಅಂತ ಸಾಲುಸಾಲಾಗಿ. ಚುನಾವಣಾ ಆಯೋಗದ ವೆಬ್‌ಸೈಟಿನಲ್ಲೂ ಸಿಗುತ್ತದೆ, ಯಾರು ಬೇಕಾದರೂ ನೋಡಬಹುದು. 2023ರಲ್ಲಿ 120 ಬಿದ್ದ ಬೂತಿನಲ್ಲಿ 2024ರಲ್ಲಿ 60 ಯಾಕೆ ಅಂತ ಆ ಬೂತ್ ಏಜೆಂಟನ್ನು ಕೂರಿಸಿಕೊಂಡು ಕೇಳಿದ್ರೆ ಅರ್ಧ ಗಂಟೆಯಲ್ಲಿ ನಿಜ ಗೊತ್ತಾಗುತ್ತೆ. ಅವನು ಮುಚ್ಚುಮರೆ ಇಲ್ಲದೆ ಹೇಳ್ತಾನೆ: ಸ್ವಾಮಿ, ಬಿಜೆಪಿಯವರು ನಮ್ಮ ಜೊತೆ ಮನೆಮನೆಗೆ ಬರಲೇ ಇಲ್ಲ. ಅಥವಾ, ಸಾಬರ ಬೀದಿಗೆ ನಾವೇ ಹೋಗಲಿಲ್ಲ, ಯಾವ ಮುಖ ಇಟ್ಟುಕೊಂಡು ಹೋಗೋದು?

ಆ ಎರಡನೇ ಮಾತಿನಲ್ಲೇ ಪಕ್ಷದ ಮುಂದಿನ ದಾರಿಯ ಪ್ರಶ್ನೆ ಇದೆ. 2023ರ ಸೆಪ್ಟೆಂಬರಿನಲ್ಲಿ ದಳ ಬಿಜೆಪಿಯ ಮೈತ್ರಿಕೂಟ ಎನ್‌ಡಿಎ ಸೇರಿದಾಗ ರಾಜ್ಯಾಧ್ಯಕ್ಷರಾಗಿದ್ದ ಸಿ.ಎಂ. ಇಬ್ರಾಹಿಂ ಒಪ್ಪಲಿಲ್ಲ, ಅವರನ್ನೇ ಸ್ಥಾನದಿಂದ ತೆಗೆದರು. ಹೆಸರಿನಲ್ಲಿ ಜಾತ್ಯತೀತ ಅಂತ ಇಟ್ಟುಕೊಂಡ ಪಕ್ಷಕ್ಕೆ ಮುಸ್ಲಿಂ ಮತ ಇನ್ನು ಬರುತ್ತಾ? ಬರದಿದ್ದರೆ ಉಳಿಯೋದು ಹಳೇ ಮೈಸೂರಿನ ಒಕ್ಕಲಿಗ ಮತ, ಅದರಲ್ಲೂ ಕಾಂಗ್ರೆಸ್ ಪಾಲು ಕೇಳ್ತಿದೆ, ಬಿಜೆಪಿ ನಗುನಗುತ್ತಾ ಪಕ್ಕದಲ್ಲೇ ಕೂತು ಪಾಲು ಕೇಳ್ತಿದೆ. 2024ರಲ್ಲಿ ಮಂಡ್ಯ, ಕೋಲಾರ ಗೆದ್ದರು, ಕುಮಾರಸ್ವಾಮಿ ಕೇಂದ್ರ ಸಚಿವರಾದರು. ಮೈತ್ರಿಯಿಂದ ನಷ್ಟ ಮಾತ್ರ ಅಂತ ಹೇಳೋಕಾಗಲ್ಲ. ಆದರೆ ಲೋಕಸಭೆಗೆ ಕೂಡಿಬಂದ ಮತ ಕೆಲವೇ ತಿಂಗಳಲ್ಲಿ ಚನ್ನಪಟ್ಟಣದಲ್ಲಿ ಕೂಡಿಬರಲಿಲ್ಲ. ಹೆಗಡೆ 1985ರಲ್ಲಿ ಕಂಡ ಮತದಾರ ಇನ್ನೂ ಹಾಗೇ ಇದ್ದಾನೆ ಅಂತಾಯ್ತಲ್ವಾ?

ನಿಖಿಲ್ 2025ರಲ್ಲಿ "ಜನರೊಂದಿಗೆ ಜನತಾದಳ" ಅಂತ ರಾಜ್ಯ ಸುತ್ತಿದರು. ಸೋತು ಮನೆಯಲ್ಲಿ ಕೂರಲಿಲ್ಲ, ಅದಕ್ಕೆ ಮೆಚ್ಚುಗೆ ಹೇಳಲೇಬೇಕು. ಆದರೆ ಸುತ್ತೋದು ಬೇರೆ, ಒಂದು ಕಡೆ ಇರೋದು ಬೇರೆ. ಸುತ್ತಿದಾಗ ಸದಸ್ಯತ್ವದ ರಸೀದಿ ಸಿಗುತ್ತೆ. ಒಂದು ತಾಲ್ಲೂಕಿನಲ್ಲಿ ಮೂರು ವರ್ಷ ಕೂತರೆ ಹತ್ತು ಹುಡುಗರು ಸಿಗ್ತಾರೆ, ನಾಳೆ ತಾವೇ ನಿಂತು ಗೆಲ್ಲುವಂಥವರು. ಅಂಥವರು ತಯಾರಾಗ್ತಿದ್ದದ್ದು ತಾಲ್ಲೂಕು, ಜಿಲ್ಲಾ ಪಂಚಾಯಿತಿಗಳಲ್ಲಿ. 2016ರಲ್ಲಿ ಚುನಾವಣೆ ಆಯ್ತು, 2021ರಲ್ಲಿ ಅವಧಿ ಮುಗೀತು, ಆಮೇಲೆ ವರ್ಷಗಟ್ಟಲೆ ನಡೆಯಲೇ ಇಲ್ಲ. ಆಳುವವರು ಯಾರೇ ಇದ್ದರೂ ಮುಂದೂಡಿದ್ದೇ ಮುಂದೂಡಿದ್ದು. ಇದರ ವಿರುದ್ಧ ಬೀದಿಗೆ ಇಳಿಯೋಕೆ ಯಾವುದಾದರೂ ಪಕ್ಷಕ್ಕೆ ಹಕ್ಕಿದ್ದರೆ ಅದು ದಳಕ್ಕೆ. ಇದಕ್ಕೆ ಹಿಂದಿನ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿ ಕಾನೂನು ಬರೆದದ್ದೇ ಅವರ ಹಿರಿಯರು. ಅಂಥ ದೊಡ್ಡ ಹೋರಾಟ ನಾನಂತೂ ನೋಡಲಿಲ್ಲ.

2028ಕ್ಕೆ ನಿಖಿಲ್ ಎಲ್ಲಿಂದ ನಿಲ್ತಾರೆ ಅಂತ ಈಗಲೇ ಮಾತು ಶುರುವಾಗಿದೆ. ನನಗೆ ಅದರಲ್ಲಿ ಅಷ್ಟು ಆಸಕ್ತಿ ಇಲ್ಲ. ಪಂಚಾಯಿತಿ ಚುನಾವಣೆ ಬಂದಾಗ ಚನ್ನಪಟ್ಟಣ ತಾಲ್ಲೂಕಿನ ಒಂದೊಂದು ಕ್ಷೇತ್ರಕ್ಕೂ ದಳ ಯಾರಿಗೆ ಟಿಕೆಟ್ ಕೊಡುತ್ತದೆ, ಅವರ ಪರವಾಗಿ ಊರೂರಿಗೆ ಹೋಗೋಕೆ ನಿಖಿಲ್ ಬರ್ತಾರಾ, ಬಿಜೆಪಿಗೆ ಎಷ್ಟು ಸೀಟು ಬಿಟ್ಟುಕೊಡ್ತಾರೆ, ಬಿಟ್ಟುಕೊಟ್ಟ ಕಡೆ ದಳದ ಕಾರ್ಯಕರ್ತ ಏನು ಮಾಡ್ತಾನೆ, ನಾನು ನೋಡಬೇಕು ಅಂತಿರೋದು ಅದನ್ನು.

ನಮಸ್ಕಾರ.