ಬಣ್ಣ ನೋಡಿ ಮರಿ ಕೊಳ್ಳುವ ಮೊದಲು

ಎಲ್ಲರಿಗೂ ನಮಸ್ಕಾರ. ಸಣ್ಣ ನಾಯಿಗಳ ಮೈಬಣ್ಣದ ಬಗ್ಗೆ ಮಾತಾಡಿ ಎಂದು ಕರೆದಿದ್ದೀರಿ. ಎಲ್ಲ ಬಣ್ಣಗಳನ್ನೂ ಹೇಳುತ್ತಾ ಹೋದರೆ ರಾತ್ರಿ ಊಟ ಇಲ್ಲೇ ಆಗಬೇಕಾಗುತ್ತದೆ. ಹಾಗಾಗಿ ಹೆಚ್ಚು ಹೊತ್ತು ಮರ್ಲ್ ಅನ್ನುವ ಒಂದೇ ಬಣ್ಣದ ಬಗ್ಗೆ ಹೇಳುತ್ತೇನೆ. ಬೂದು ಮೈ, ಅಲ್ಲಲ್ಲಿ ಕಪ್ಪು ಮಚ್ಚೆ, ಕೆಲವೊಮ್ಮೆ ಒಂದು ಕಣ್ಣು ನೀಲಿ. ಡ್ಯಾಷ್‌ಹಂಡ್ ಸಾಕುವವರು ಇದನ್ನೇ ಡ್ಯಾಪಲ್ ಅನ್ನುತ್ತಾರೆ. ಪಾಮೇರಿಯನ್, ಚಿವಾವಾಗಳಲ್ಲೂ ಕಾಣುತ್ತದೆ. ನೋಡಲು ಚೆಂದ. ಅಪರೂಪ ಅಂದಮೇಲೆ ಬೆಲೆಯೂ ಜಾಸ್ತಿ, ಅಲ್ವಾ?

ಮೊದಲು ಸ್ವಲ್ಪ ಪಾಠ. ನಾಯಿಯ ಕೂದಲಿಗೆ ಬಣ್ಣ ಕೊಡುವ ವಸ್ತುಗಳು ಎರಡೇ. ಒಂದು ಕಪ್ಪು, ಯೂಮೆಲನಿನ್. ಇನ್ನೊಂದು ಕೆಂಪು-ಹಳದಿ, ಫಿಯೊಮೆಲನಿನ್. ಚಾಕೊಲೇಟ್, ಕ್ರೀಮ್, ಬೂದು ಎಲ್ಲವೂ ಈ ಎರಡರಿಂದಲೇ ಹುಟ್ಟುತ್ತವೆ. ಎಂಸಿ1ಆರ್ ಅನ್ನುವ ಜೀನ್ ತಂದೆಯಿಂದಲೂ ತಾಯಿಯಿಂದಲೂ ಕೆಲಸ ಮಾಡದ ರೂಪದಲ್ಲಿ ಬಂದರೆ, ಕೂದಲಿಗೆ ಕಪ್ಪು ಬರುವುದೇ ಇಲ್ಲ. ನಾಯಿ ಕೆಂಪೋ ಕ್ರೀಮೋ ಆಗುತ್ತದೆ. ಈ ಜೀನ್ ನೆನಪಿಟ್ಟುಕೊಳ್ಳಿ, ಇದರ ಕಿತಾಪತಿ ಮುಂದೆ ಇದೆ.

ಮರ್ಲ್‌ನ ಕಾರಣ ಗೊತ್ತಾಗಿದ್ದು 2006ರಲ್ಲಿ. ಅಮೆರಿಕದ ಸಂಶೋಧಕಿ ಲೀ ಆ್ಯನ್ ಕ್ಲಾರ್ಕ್ ಮತ್ತು ಸಂಗಡಿಗರು ಪಿಎಂಇಎಲ್ ಎಂಬ ಜೀನ್‌ನಲ್ಲಿ ಡಿಎನ್‌ಎಯ ಒಂದು ತುಣುಕು ಹೆಚ್ಚುವರಿಯಾಗಿ ಬಂದು ಸೇರಿಕೊಂಡಿರುವುದನ್ನು ಕಂಡುಹಿಡಿದರು. ಆ ತುಣುಕು ತಂದೆ ಅಥವಾ ತಾಯಿ, ಒಬ್ಬರಿಂದ ಮಾತ್ರ ಬಂದರೆ ನಾವು ಮೆಚ್ಚುವ ಆ ಮಚ್ಚೆ ಮೈ. ಇಬ್ಬರಿಂದಲೂ ಬಂದರೆ ಮರಿ ಬಹುಪಾಲು ಬೆಳ್ಳಗಿರುತ್ತದೆ. ಇದಕ್ಕೆ ಡಬಲ್ ಮರ್ಲ್ ಅನ್ನುತ್ತಾರೆ. ಇಂಥ ಮರಿಗಳಲ್ಲಿ ಕಣ್ಣು ತೀರಾ ಚಿಕ್ಕದಾಗಿರಬಹುದು, ದೃಷ್ಟಿ ಇಲ್ಲದಿರಬಹುದು, ಕಿವಿ ಕೇಳಿಸದಿರಬಹುದು.

ಕೂದಲಿನ ಬಣ್ಣಕ್ಕೂ ಕಿವಿಗೂ ಏನು ಸಂಬಂಧ? ಬಣ್ಣ ಮಾಡುವ ಜೀವಕೋಶಗಳು ಚರ್ಮದಲ್ಲಿ ಮಾತ್ರ ಇರುವುದಿಲ್ಲ. ಒಳಕಿವಿಯಲ್ಲೂ ಇರುತ್ತವೆ. ಅಲ್ಲಿರುವ ದ್ರವದಲ್ಲಿ ಪೊಟ್ಯಾಸಿಯಂ ಮಟ್ಟವನ್ನು ಕಾಪಾಡುವುದು ಅವುಗಳ ಕೆಲಸ. ಅವು ಇಲ್ಲದಿದ್ದರೆ ಸದ್ದನ್ನು ಹಿಡಿಯುವ ಸೂಕ್ಷ್ಮ ಕೋಶಗಳು ಮರಿ ಹುಟ್ಟಿದ ಕೆಲವೇ ವಾರಗಳಲ್ಲಿ ಸಾಯುತ್ತವೆ. ಮತ್ತೆ ಬೆಳೆಯುವುದಿಲ್ಲ. ಔಷಧಿ, ಆಪರೇಷನ್ ಯಾವುದೂ ಉಪಯೋಗಕ್ಕೆ ಬರುವುದಿಲ್ಲ.

ಇಲ್ಲಿ ಒಂದು ಮಾತು ನೇರವಾಗಿ ಹೇಳಬೇಕು. ಡಬಲ್ ಮರ್ಲ್ ಮರಿಗಳೆಲ್ಲ ಕಿವುಡಾಗುವುದಿಲ್ಲ. 2009ರಲ್ಲಿ ನಾಯಿಗಳ ಕಿವುಡುತನದ ಸಂಶೋಧಕ ಜಾರ್ಜ್ ಸ್ಟ್ರೇನ್ ಮತ್ತು ಸಂಗಡಿಗರು 153 ಮರ್ಲ್ ನಾಯಿಗಳ ಕಿವಿ ಪರೀಕ್ಷಿಸಿದರು. ಡಬಲ್ ಮರ್ಲ್‌ಗಳಲ್ಲಿ ಶೇ. 15ಕ್ಕೆ ಎರಡೂ ಕಿವಿ ಕೇಳಿಸುತ್ತಿರಲಿಲ್ಲ, ಶೇ. 10ಕ್ಕೆ ಒಂದು ಕಿವಿ. ಆ ತುಣುಕಿನ ಒಂದೇ ಪ್ರತಿ ಇದ್ದ ನಾಯಿಗಳಲ್ಲಿ ಈ ತೊಂದರೆ ಬಹಳ ಕಡಿಮೆ. ಹಾಗಾಗಿ ‘ನಮ್ಮ ಮನೆಯ ಡಬಲ್ ಮರ್ಲ್ ಚೆನ್ನಾಗೇ ಇದೆಯಲ್ಲ’ ಎಂದು ಯಾರಾದರೂ ಹೇಳಿದರೆ ಅದು ಸುಳ್ಳಲ್ಲ. ಆದರೆ ಡಬಲ್ ಮರ್ಲ್‌ಗಳಲ್ಲಿ ನಾಲ್ಕರಲ್ಲಿ ಒಂದಕ್ಕೆ ಒಂದಾದರೂ ಕಿವಿ ಹೋಗಬಹುದು ಎಂದು ಗೊತ್ತಿದ್ದೂ ಬರೀ ಬಣ್ಣಕ್ಕಾಗಿ ಎರಡು ಮರ್ಲ್ ನಾಯಿಗಳನ್ನು ಕೂಡಿಸುವುದು ನನಗಂತೂ ಒಪ್ಪಿಗೆಯಿಲ್ಲ. ನಾಯಿ ತಳಿಗಳ ನೋಂದಣಿ ಮಾಡುವ ಬ್ರಿಟನ್ನಿನ ಕೆನಲ್ ಕ್ಲಬ್ಬೂ ಎರಡು ಮರ್ಲ್ ನಾಯಿಗಳಿಗೆ ಹುಟ್ಟಿದ ಮರಿಗಳನ್ನು ನೋಂದಾಯಿಸುವುದನ್ನು ನಿಲ್ಲಿಸಿದೆ. ಚಿವಾವಾ ವಿಷಯದಲ್ಲಿ ಕೆನಲ್ ಕ್ಲಬ್‌ಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಎಫ್‌ಸಿಐನ ನಿಯಮ ಇನ್ನೂ ಬಿಗಿ: ಎಲ್ಲ ಬಣ್ಣವೂ ಸರಿ, ಮರ್ಲ್ ಒಂದನ್ನು ಬಿಟ್ಟು.

‘ಹಾಗಾದರೆ ಸುಲಭ, ಎರಡು ಮಚ್ಚೆ ನಾಯಿ ಕೂಡಿಸದಿದ್ದರಾಯಿತು’ ಅಂತ ನಿಮಗೆ ಅನ್ನಿಸಬಹುದು. ಎಂಸಿ1ಆರ್ ಬರುವುದು ಇಲ್ಲೇ. ಮರ್ಲ್ ಕೆಡಿಸುವುದು ಕಪ್ಪು ಬಣ್ಣವನ್ನು ಮಾತ್ರ. ಕೆಂಪನ್ನು ಮುಟ್ಟುವುದಿಲ್ಲ. ಕೂದಲಲ್ಲಿ ಕಪ್ಪೇ ಇಲ್ಲದ ಕ್ರೀಮ್ ಪಾಮೇರಿಯನ್‌ನಲ್ಲಿ ಮರ್ಲ್ ಇದ್ದರೂ ಕಣ್ಣಿಗೆ ಕಾಣುವುದಿಲ್ಲ. ನೀವು ಒಂದು ಮಚ್ಚೆ ಗಂಡಿಗೆ ಒಂದು ‘ಸಾದಾ’ ಕ್ರೀಮ್ ಹೆಣ್ಣು ಕೂಡಿಸುತ್ತೀರಿ. ನಿಜಕ್ಕೂ ಅದು ಮರ್ಲ್‌ಗೆ ಮರ್ಲ್. ಪ್ರತಿ ಮರಿಗೂ ಡಬಲ್ ಆಗುವ ಸಾಧ್ಯತೆ ಶೇ. 25. ಪ್ರತಿ ಮರಿಗೂ ಅಂದೆ, ಗಮನಿಸಿ. ಮೊದಲ ಸಲ ಎಲ್ಲ ಮರಿಗಳೂ ಚೆನ್ನಾಗಿ ಹುಟ್ಟಿದವು ಅಂದರೆ ಮುಂದಿನ ಸಲಕ್ಕೆ ಅದು ಗ್ಯಾರಂಟಿ ಅಲ್ಲ.

ಆ ತುಣುಕಿನ ಉದ್ದವೂ ಎಲ್ಲ ನಾಯಿಗಳಲ್ಲಿ ಒಂದೇ ಇರುವುದಿಲ್ಲ. ಗಿಡ್ಡ ಇದ್ದರೆ ಕಪ್ಪು ನಾಯಿಯಲ್ಲೂ ಮಚ್ಚೆ ಕಾಣದೇ ಹೋಗಬಹುದು. ಆದ್ದರಿಂದ ಮರ್ಲ್ ಇರುವ ವಂಶದಲ್ಲಿ ಕಣ್ಣಳತೆ ಸಾಲದು. ಕೆನ್ನೆಯ ಒಳಭಾಗವನ್ನು ಹತ್ತಿಯಿಂದ ಒರೆಸಿ ಕಳಿಸಿದರೆ ಡಿಎನ್‌ಎ ಪರೀಕ್ಷೆ ಆಗುತ್ತದೆ. ಇದೆ-ಇಲ್ಲ ಎಂದಷ್ಟೇ ಹೇಳದೆ ಉದ್ದವನ್ನೂ ತಿಳಿಸುವ ಲ್ಯಾಬ್ ಆರಿಸಿಕೊಳ್ಳಿ. ನಾಯಿ ಬೆದೆಗೆ ಬಂದ ಮೇಲೆ ಓಡಾಡಬೇಡಿ, ಮೊದಲೇ ಮಾಡಿಸಿಡಿ.

ಈಗ ‘ಬ್ಲೂ’ ಮರಿಗಳು. ಇದು ಬೇರೆ ಜೀನ್, ಎಂಎಲ್‌ಪಿಎಚ್. ಇಲ್ಲಿ ಕಪ್ಪು ಬಣ್ಣ ಇದ್ದೇ ಇರುತ್ತದೆ, ಆದರೆ ಕೂದಲಲ್ಲಿ ಸಮನಾಗಿ ಹರಡದೆ ರಾಗಿ ಹಿಟ್ಟು ಗಂಟು ಕಟ್ಟಿದ ಹಾಗೆ ಅಲ್ಲಲ್ಲಿ ಗುಡ್ಡೆಯಾಗುತ್ತದೆ. ಅದಕ್ಕೇ ಬೂದಾಗಿ ಕಾಣುತ್ತದೆ. ಇಂಥ ಕೆಲವು ನಾಯಿಗಳಿಗೆ ಬೆಳೆಯುತ್ತಾ ಬೆನ್ನಿನ ಕೂದಲು ಉದುರಿ ಚರ್ಮದ ಸೋಂಕು ಶುರುವಾಗುತ್ತದೆ. ಜೀವಕ್ಕೆ ಅಪಾಯವಿಲ್ಲ, ಪೂರ್ತಿ ವಾಸಿಯೂ ಆಗುವುದಿಲ್ಲ. ಅಂದಹಾಗೆ ಯಾರ್ಕ್‌ಷೈರ್ ಟೆರಿಯರ್‌ನ ನೀಲಿ ಇದಲ್ಲ. ಅದು ಕಪ್ಪಾಗಿ ಹುಟ್ಟಿ ಬೆಳೆಯುತ್ತಾ ಬೂದಾಗುವ ನಾಯಿ. ಹುಟ್ಟುವಾಗಲೇ ಬೂದಾಗಿದ್ದರೆ ಅನುಮಾನ ಪಡಿ.

ಇದಕ್ಕೆಲ್ಲ ಬ್ರೀಡರ್‌ಗಳನ್ನೇ ಬೈದರೆ ಅರ್ಧ ನ್ಯಾಯ. ಕೇಳುವವರು ಇದ್ದರೆ ತಾನೇ ಮಾಡುವವರು? ವಿಕ್ಟೋರಿಯಾ ರಾಣಿ 1888ರಲ್ಲಿ ಇಟಲಿಯ ಫ್ಲಾರೆನ್ಸ್‌ನಿಂದ ಮಾರ್ಕೊ ಎಂಬ ಚಿಕ್ಕ ಪಾಮೇರಿಯನ್ ತಂದರು. ಆಮೇಲೆ ಇಂಗ್ಲೆಂಡಿನಲ್ಲಿ ಎಲ್ಲರಿಗೂ ಚಿಕ್ಕದೇ ಬೇಕಾಯಿತು, ತಳಿಯೇ ಕುಗ್ಗುತ್ತಾ ಹೋಯಿತು. ಇವತ್ತು ‘ಟೀ ಕಪ್’ ಎಂದು ಮಾರುತ್ತಾರೆ. ಅಂಥ ತಳಿ ಯಾವುದೂ ಇಲ್ಲ, ಅದು ಸುಮ್ನೆ ವ್ಯಾಪಾರದ ಹೆಸರು. ಮೊಣಕಾಲ ಚಿಪ್ಪು ಜಾರುವುದು, ಉಸಿರುನಾಳ ಕುಸಿಯುವುದು, ಹಲ್ಲು ಒತ್ತೊತ್ತಾಗುವುದು, ಹೆರಿಗೆಗೆ ಆಪರೇಷನ್ ಬೇಕಾಗುವುದು ಇವೆಲ್ಲ ಸಣ್ಣ ನಾಯಿಗಳ ಮಾಮೂಲಿ ಕಷ್ಟಗಳು. ಇನ್ನೂ ಸಣ್ಣದು ಬೇಕು, ಅದೂ ಅಪರೂಪದ ಬಣ್ಣದಲ್ಲಿ ಬೇಕು ಅಂದರೆ, ಆರಿಸಿಕೊಳ್ಳಲು ಸಿಗುವ ಜೋಡಿಗಳೇ ಕಡಿಮೆ. ಆಗ ಅಣ್ಣ-ತಂಗಿ ಮರಿಗಳನ್ನೇ ಕೂಡಿಸುವ ಆಸೆ ಹುಟ್ಟುತ್ತದೆ.

ನಮ್ಮ ದೇಶದಲ್ಲಿ 2017ರ ನಾಯಿ ತಳಿ ಸಾಕಣೆ ಮತ್ತು ಮಾರಾಟ ನಿಯಮಗಳಿವೆ. ಬ್ರೀಡರ್ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿರಬೇಕು. ಹೆಣ್ಣಿಗೆ 18 ತಿಂಗಳು ತುಂಬುವ ತನಕ ಮರಿ ಹಾಕಿಸುವಂತಿಲ್ಲ. 8 ವಾರ ಆಗದ ಮರಿ ಮಾರುವಂತಿಲ್ಲ. ನೀವು ಕೊಳ್ಳಲು ಹೋದಾಗ ನೋಂದಣಿ ಪತ್ರ ಕೇಳಿ. ತಾಯಿಯನ್ನು ತೋರಿಸಿ ಅನ್ನಿ. ತಂದೆ-ತಾಯಿ ಇಬ್ಬರ ಡಿಎನ್‌ಎ ವರದಿ, ಮೊಣಕಾಲು ಪರೀಕ್ಷೆಯ ಚೀಟಿ ಕೇಳಿ. ಇಷ್ಟಕ್ಕೇ ಮುಖ ಗಂಟಿಕ್ಕುವವರ ಹತ್ತಿರ ಮರಿ ಕೊಳ್ಳಬೇಡಿ.

ಕಡೆಯದಾಗಿ, ಈಗಾಗಲೇ ಡಬಲ್ ಮರ್ಲ್ ಮನೆಗೆ ತಂದಿರುವವರು ಇಲ್ಲಿ ಇರಬಹುದು. ಹೆದರಬೇಡಿ. ಕಿವಿ ಕೇಳಿಸದ ನಾಯಿ ಕೈಸನ್ನೆ ಚೆನ್ನಾಗಿ ಕಲಿಯುತ್ತದೆ. ರಸ್ತೆಯಲ್ಲಿ ಮಾತ್ರ ಸರಪಳಿ ಬಿಚ್ಚಬೇಡಿ, ಹಾರ್ನ್ ಅದಕ್ಕೆ ಕೇಳಿಸುವುದಿಲ್ಲ. ಮಲಗಿರುವಾಗ ಮಕ್ಕಳು ಹಠಾತ್ತನೆ ಮುಟ್ಟದಂತೆ ನೋಡಿಕೊಳ್ಳಿ, ಬೆಚ್ಚಿ ಕಚ್ಚಬಹುದು. ಸಂತಾನಹರಣ ಆಪರೇಷನ್ ಮಾಡಿಸಿಬಿಡಿ. ಅದಕ್ಕೆ ಹುಟ್ಟುವ ಪ್ರತಿಯೊಂದು ಮರಿಗೂ ಒಂದು ಮರ್ಲ್ ಪ್ರತಿ ಹೋಗಿಯೇ ಹೋಗುತ್ತದೆ. ಈಗ ನಿಮ್ಮ ಪ್ರಶ್ನೆಗಳು.